ಕತ್ತಲಲ್ಲಿ ಕೊಟ್ಟ ಸ್ವರ

“ಅದನ್ನ ಮುಟ್ಟಬ್ಯಾಡ್ರಿ!”

ಮೆಟ್ಟಿಲ ಕಡೆಯಿಂದ ಕೂಗು ಬಂತು. ನಾನು ಆಗಲೇ ಮುಟ್ಟಿದ್ದೆ. ಆರ್ಗನ್ನಿನ ಹಿಂದೆ, ಗೋಡೆಗೂ ಮರದ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ನಿಂತು, ತಿದಿಯ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆ ಒತ್ತಿದ್ದೆ. ಒಳಗೆ ಎಲ್ಲೋ ಚರ್ಮ ಉಬ್ಬಿ ಗಾಳಿ ತುಂಬಿಕೊಂಡಿತು.

ಏದುಸಿರು ಬಿಡುತ್ತ ಅಟ್ಟ ಹತ್ತಿ ಬಂದವನು ಬಾಸ್ತ್ಯಾಂವ. ಕ್ಯಾಂಪಿನಲ್ಲಿ ಸಾಹೇಬರ ಸೂಟಿಗೆ ಬಟ್ಟೆ ಕತ್ತರಿಸುವ ದರ್ಜಿ. ಊರು ಖಾನಾಪುರ. ಈ ದುಃಖಮಾತೆಯ ಇಗರ್ಜಿಯ ಹಾಡುಗಾರರಿಗೆ ಈಗ ಅವನೇ ಮುಖ್ಯಸ್ಥ.

“ಇವತ್ತ ಶುಭ ಶುಕ್ರವಾರ ಅದರಿ, ಹವಾಲ್ದಾರ್ರ! ಈ ವಾರ ಆರ್ಗನ್ ಮುಟ್ಟಂಗಿಲ್ಲ. ಗಂಟಿ ಸುದ್ದಾ ಬಾರಿಸಂಗಿಲ್ಲ.”

“ಮುಟ್ಟಿದ್ರ ಏನಾಗತದ?”

“ಪಾಪ ಆಗತದ.”

“ಬುಧವಾರ ಸಂಜಿಕ ಇಲ್ಲಿಂದ ಒಬ್ಬ ಮನಷ್ಯಾನ್ನ ಕೆಳಗ ದಬ್ಬಿದ್ರಲ್ಲ, ಅದೇನಾತು? ಪುಣ್ಯ?”

ನನಗೆ ಸಿಟ್ಟು ಬಂದಾಗ ಮಾತಿಗೆ ಕಡಿವಾಣ ಇರುವುದಿಲ್ಲ. ಪೊಲೀಸ್ ನೌಕರಿ ಹೋದದ್ದೂ ಅದಕ್ಕೇ. ಸಾಹೇಬನ ಮೇಜಿನ ಮೇಲೆ ಸೊಂಟದ ಪಟ್ಟಾ ಎಸೆದು ಬಂದೆ. ಕ್ಯಾಂಪಿನ ಜನ ಮಾತ್ರ ಇನ್ನೂ ಹವಾಲ್ದಾರ ಅಂತಲೇ ಕರೆಯುತ್ತಾರೆ.

ಹಿಡಿಕೆ ಬಿಟ್ಟು ಸಂದಿಯಿಂದ ಹೊರಗೆ ಬಂದೆ. ಬೇಕಾದ್ದು ಗೊತ್ತಾಗಿತ್ತು. ತಿದಿ ಒತ್ತುವವನಿಗೆ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಮುಂದುಗಡೆ ಯಾರು ಕೂತಿದ್ದಾರೆ, ಯಾರು ಎದ್ದರು, ಅವನಿಗೆ ತಿಳಿಯದು.

ಬುಧವಾರ ಸಂಜೆ ಇಲ್ಲಿ ತಿದಿ ಒತ್ತುವ ಸಂಕಪ್ಪ ಆ ಸಂದಿಯಲ್ಲೇ ನಿಂತಿದ್ದ. ಈಗ ಲಾಕಪ್ಪಿನಲ್ಲಿದ್ದಾನೆ. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಅವನನ್ನು ಕೊಲೆಗಾರ ಅಂತ ನಿಲ್ಲಿಸುತ್ತಾರೆ. ಅವನ ಹೆಂಡತಿ ಬಂದು ಕೇಳಿಕೊಂಡಿದ್ದಕ್ಕೆ ನಾನು ಇಲ್ಲಿಗೆ ಬಂದಿದ್ದೆ.

ಸತ್ತವರು ಕಾಯತಾನ ಮಾಸ್ತರರು, ಈ ಇಗರ್ಜಿಯ ಆರ್ಗನ್ ನುಡಿಸುವವರು. ಅವರು ಬರುವ ಮೊದಲು ಇಲ್ಲಿ ಹಬ್ಬಕ್ಕೆ ಪಲ್ಟನ್ನಿನ ಬ್ಯಾಂಡು ಬರುತ್ತಿತ್ತು. ಪಿಟೀಲು, ಕ್ಲಾರಿನೆಟ್ಟು, ನಾಟಕದ ಧಾಟಿಗೆ ದೇವರ ಹೆಸರು ಕೂಡಿಸಿದ ಪದಗಳು. ಜನ ಖುಷಿಯಾಗಿದ್ದರು. ಮಾಸ್ತರರಿಗೆ ಮೈ ಉರಿಯಿತು. ರಜೆ ಬಂತೆಂದರೆ ಗೋವಾದ ಹಳ್ಳಿ ಹಳ್ಳಿ ತಿರುಗಿದರು. ಹಲ್ಲು ಹೋದ ಮುದುಕರ ಬಾಯಿಂದ ಮುನ್ನೂರು ವರ್ಷ ಹಿಂದಿನ ಹಾಡು ಕೇಳಿ ತಂದರು. ವಾದ್ಯವಿಲ್ಲ, ಬರೀ ಗಂಟಲು. ನಾಲ್ವರು ನಾಲ್ಕು ದಾರಿ ಹಿಡಿದು ಒಂದೇ ಊರು ಮುಟ್ಟುವಂಥ ಹಾಡು. ಬ್ಯಾಂಡಿನವರನ್ನು ಹೊರಗೆ ಹಾಕಿಸಿದರು. “ದೇವರ ಮನೆಗೆ ಮನುಷ್ಯನ ಧ್ವನಿ ಸಾಕು” ಅಂತ ಊರೆಲ್ಲ ಹೇಳಿಕೊಂಡು ಬಂದರು.

ಧ್ವನಿ ಸಾಕಾದರೆ ಗಾಳಿ ಒತ್ತುವವನು ಯಾಕೆ? ಹೋದ ಭಾನುವಾರ ಸಂಕಪ್ಪನಿಗೆ, ಹಬ್ಬ ಮುಗಿದ ಮೇಲೆ ನೀನು ಬರಬೇಡ ಅಂದರು. ಸಂಕಪ್ಪ ಗೇಟಿನಲ್ಲಿ ನಿಂತು, ನಿಮ್ಮ ಹಾಡಿಗೆ ಬೆಂಕಿ ಬೀಳ ಅಂತ ಕೂಗಿದ. ಅದನ್ನು ಕೇಳಿದವರು ಬಹಳ ಮಂದಿ. ಮಾಸ್ತರರನ್ನು ಅವನು ದಬ್ಬಿದ್ದನ್ನು ಕಂಡವರು ಒಬ್ಬರೂ ಇಲ್ಲ.

ಕಾಣುವುದಾದರೂ ಹೇಗೆ? ಬುಧವಾರದ ಆ ಪೂಜೆಯೇ ಕತ್ತಲ ಪೂಜೆ. ಬಲಿಪೀಠದ ಮುಂದೆ ಸಾಲಾಗಿ ಮೇಣದ ಬತ್ತಿ ಹಚ್ಚಿರುತ್ತಾರೆ. ಒಂದೊಂದು ಕೀರ್ತನೆ ಮುಗಿದ ಹಾಗೆ ಒಂದೊಂದನ್ನು ಆರಿಸುತ್ತಾರೆ. ಉಳಿದ ಕೊನೆಯದನ್ನು ಬಲಿಪೀಠದ ಹಿಂದೆ ಬಚ್ಚಿಡುತ್ತಾರೆ. ಆ ಗವ್ವೆನ್ನುವ ಕತ್ತಲಲ್ಲಿ ಒಂದು ಪಶ್ಚಾತ್ತಾಪದ ಹಾಡು. ಹಾಡು ಮುಗಿದದ್ದೇ ಎಲ್ಲರೂ ಬೆಂಚು ಗುದ್ದುತ್ತಾರೆ. ಏಸು ಸತ್ತಾಗ ಭೂಮಿ ನಡುಗಿತಂತೆ, ಅದರ ನೆನಪಿಗೆ. ಆಮೇಲೆ ಬಚ್ಚಿಟ್ಟ ಬತ್ತಿ ಹೊರಗೆ ಬರುತ್ತದೆ.

ಮೊನ್ನೆ ಬತ್ತಿ ಹೊರಗೆ ಬಂದಾಗ ಮಾಸ್ತರರು ಅಟ್ಟದ ಕೆಳಗೆ ಕಲ್ಲು ಹಾಸಿನ ಮೇಲೆ ಬಿದ್ದಿದ್ದರು. ಕುತ್ತಿಗೆ ಮುರಿದಿತ್ತು. ಬೆಂಚಿನ ಗದ್ದಲದಲ್ಲಿ ಬಿದ್ದರು, ಅದಕ್ಕೇ ಯಾರಿಗೂ ಕೇಳಿಸಲಿಲ್ಲ ಅಂದರು ಎಲ್ಲರೂ. ಮೇಲೆ ಹೋಗಿ ನೋಡಿದರೆ ಸಂಕಪ್ಪ ಇನ್ನೂ ತಿದಿ ಒತ್ತುತ್ತಿದ್ದ.

“ಆರ್ಗನ್ ಮುಟ್ಟದ ವಾರದಲ್ಲಿ ತಿದಿ ಒತ್ತುವವನಿಗೆ ಅಟ್ಟದ ಮೇಲೆ ಏನು ಕೆಲಸ, ಈರಣ್ಣ?” ಅಂತ ಪೊಲೀಸ್ ಫೌಜದಾರ ಮಧುಕರರಾವ ನನ್ನನ್ನು ಮರಾಠಿಯಲ್ಲಿ ಕೇಳಿ ಮೀಸೆ ತಿರುವಿದ್ದ. ಅವನ ಕೇಸು ಅಷ್ಟೇ. ಆದರೆ ಅಷ್ಟೇ ಸಾಕು.

ಸಂಕಪ್ಪ ಹೇಳುವುದು ಬೇರೆ. ಮಾಸ್ತರರೇ ಗುಟ್ಟಾಗಿ ಕರೆದರಂತೆ. ದೀಪ ಹೋದಮೇಲೆ ಒಂಚೂರು ಗಾಳಿ ಕೊಡು, ಹಾಡುವವರಿಗೆ ಒಂದು ಸ್ವರ ಕೊಡಬೇಕು, ನಾನು ಬಂದು ತಟ್ಟುವವರೆಗೂ ನಿಲ್ಲಿಸಬೇಡ ಅಂದರಂತೆ. ಯಾರೂ ಬಂದು ತಟ್ಟಲಿಲ್ಲ. ಅವನು ಒತ್ತುತ್ತಲೇ ಇದ್ದ.

ಹಾಡಿದ ನಾಲ್ವರೂ ಶಿಲುಬೆ ಮುಟ್ಟಿ ಹೇಳಿದ್ದರು: ಆರ್ಗನ್ನಿನಿಂದ ಯಾವ ಸ್ವರವೂ ಬರಲಿಲ್ಲ. ಸಂಕಪ್ಪ ಸುಳ್ಳುಗಾರ.

“ಈ ಮುಚ್ಚಳಕ ಕೀಲಿ ಇರೂದಿಲ್ಲೇನು?” ಅಂತ ಕೇಳಿದೆ. ಸ್ವರದ ಪಟ್ಟಿಗಳ ಮೇಲಿನ ಮುಚ್ಚಳ ತೆರೆದೇ ಇತ್ತು.

“ಇರತದ. ಈ ವಾರ ಪೂರಾ ಹಾಕಿರತೀವಿ.”

“ತಗದವರ್ಯಾರು?”

“ಪೊಲೀಸರು ತಗದಿರಬೇಕು.”

“ನಾನೂ ಪೊಲೀಸ್ ಇದ್ದಾವ. ನಮಗ ಕೀಲಿ ಒಡಿಯೂದು ಗೊತ್ತದ, ತಗಿಯೂದು ಗೊತ್ತಿಲ್ಲ. ಇದು ಒಡದಿಲ್ಲ.”

ಅವನು ಕಿಟಕಿಯ ಕಡೆ ನೋಡಿದ. ನಾನು ಕೂರುವ ಮಣೆಯ ಮೇಲೆ ಕೂತೆ. ಮೊಣಕಾಲು ಹಲಗೆಗೆ ಠಕ್ಕನೆ ಬಡಿಯಿತು. ಮಣೆಯನ್ನು ಯಾರೋ ಪಟ್ಟಿಗಳ ಹತ್ತಿರಕ್ಕೆ ಎಳೆದುಕೊಂಡಿದ್ದರು. ನಾನು ಗಿಡ್ಡ; ನನಗೇ ಜಾಗ ಸಾಲಲಿಲ್ಲ. ಕಾಯತಾನ ಮಾಸ್ತರರು ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಆಳು. ಅವರು ಇಲ್ಲಿ ಕೂರುವ ಮಾತೇ ಇಲ್ಲ. ಬುಧವಾರದಿಂದ ಅಟ್ಟಕ್ಕೆ ಪೊಲೀಸರ ಬೀಗ. ಇವತ್ತು ಹಳೆಯ ಗುರುತಿನ ಪೊಲೀಸನೊಬ್ಬ ನನಗೆ ತೆರೆದುಕೊಟ್ಟಿದ್ದ. ಬೇರೆ ಯಾರೂ ಬಂದಿಲ್ಲ.

“ಕೆಳಗ ನಡೀರಿ,” ಅಂದೆ. “ನಿಮ್ಮ ಮಂದೀನ ಕರೀರಿ. ನನಗ ಆ ಹಾಡು ಕೇಳಬೇಕಾಗ್ಯದ.”

“ಈಗೇನ್ರಿ? ಮೂರು ಗಂಟೆಗೆ ಪೂಜಿ ಅದ.”

“ಪೂಜಿ ನಿಮಗ. ಸಂಕಪ್ಪಗ ನಾಳೆ ಬ್ಯಾರೇನ ಅದ.”

*

ಕೆಳಗೆ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ್ದರು. ಬಲಿಪೀಠ ಬೋಳಾಗಿತ್ತು. ಹಾಡುಗಾರರು ಮೂವರು ಮುಂದಿನ ಬೆಂಚಿನಲ್ಲಿ ಮೂರು ಗಂಟೆಯ ಪೂಜೆಗೆ ಅಂತ ಬಂದು ಕೂತಿದ್ದರು. ಅವರಲ್ಲಿ ಕೀರಲು ಧ್ವನಿಯವನು ಇನಾಸ, ಬೇಕರಿಯವನು. ಇನ್ನಿಬ್ಬರು ಅಣ್ಣ ತಮ್ಮಂದಿರು, ರೈಲ್ವೆಯವರು. ಬಾಸ್ತ್ಯಾಂವ ಸೇರಿ ನಾಲ್ವರು.

ಹಿಂದಿನ ಬಾಗಿಲ ಹತ್ತಿರ, ಹೊರಗಿನ ಮೆಟ್ಟಿಲ ಮೇಲೆ ಸಂಕಪ್ಪನ ಹೆಂಡತಿ ಉಮಾವತಿ ಕೂತಿದ್ದಳು. ಉಡುಪಿ ಕಡೆಯವಳು, ಕ್ಯಾಂಪಿನ ಖಾನಾವಳಿಯಲ್ಲಿ ಮಸಾಲೆ ಅರೆಯುತ್ತಾಳೆ. ಬೆರಳೆಲ್ಲ ಅರಿಸಿನ. ಒಳಗೆ ಬಾ ಅಂದರೆ ಬರಲಿಲ್ಲ.

“ಹಾಡ್ರಿ,” ಅಂದೆ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕತ್ತಲ್ಯಾಗ ಹಾಡಿದ್ದು ಬೆಳಕಿನ್ಯಾಗ ಬರೂದಿಲ್ಲೇನು?”

“ಮಾಸ್ತರರು ಹೋಗಿ ಮೂರು ದಿನಾ ಆಗಿಲ್ಲ,” ಅಂದ ಇನಾಸ. “ಗಂಟಲು ಕಟ್ಟತದರಿ.”

“ಸುಳ್ಳ ಹೇಳೂ ಮುಂದ ಕಟ್ಟಲಿಲ್ಲಲ್ಲ? ಹಾಡ್ರಿ.”

ಬಾಸ್ತ್ಯಾಂವ ಕೈ ಎತ್ತಿದ. ಕೈ ಇಳಿಯಿತು. ನಾಲ್ವರೂ ಬಾಯಿ ತೆರೆದರು.

ನನಗೆ ಸಂಗೀತ ಬರುವುದಿಲ್ಲ. ಕನ್ನಡ ಸಾಲೆಯಲ್ಲಿ ಪದ್ಯ ಹೇಳಿದ್ದಷ್ಟೇ ಗೊತ್ತು. ಆದರೆ ಅವತ್ತು ಬಂದ ಆ ಸದ್ದು ಕೇಳಿದ್ದರೆ ದನ ಸಹ ತಿರುಗಿ ನೋಡುತ್ತಿತ್ತು. ಇನಾಸ ಎಲ್ಲೋ ಮೇಲೆ, ಅಣ್ಣ ತಮ್ಮ ಒಬ್ಬರಿಗೊಬ್ಬರು ಡಿಕ್ಕಿ, ಬಾಸ್ತ್ಯಾಂವ ಯಾರನ್ನು ಹಿಡಿಯಬೇಕೋ ತಿಳಿಯದೆ ನಡುವೆ. ಒಂದು ಸಾಲು ಮುಗಿಯುವ ಮೊದಲೇ ನಿಂತರು.

“ಮತ್ತೊಮ್ಮೆ.”

ಮತ್ತೊಮ್ಮೆ ಇನ್ನೂ ಕೆಟ್ಟಿತು. ತಮ್ಮ ನಾಚಿ ಬೆಂಚಿನ ಮೇಲೆ ಕೂತುಬಿಟ್ಟ.

“ನಮ್ಮೂರ ಭಜನಿ ಮ್ಯಾಳದಾಗ ಮೊದಲ ತಂಬೂರಿ ಮಿಡೀತಾರ,” ಅಂದೆ. “ಆಮ್ಯಾಲ ಬಾಯಿ ತಗೀತಾರ. ಕುಡುದು ಬಂದಾವಗೂ ಆ ಶ್ರುತಿ ಸಿಗತದ. ನಿಮಗ ಬುಧವಾರ ಶ್ರುತಿ ಕೊಟ್ಟವರ್ಯಾರು?”

“ಮಾಸ್ತರರ ಕಡೆ ಕಬ್ಬಿಣದ ಕಡ್ಡಿ ಇತ್ತರಿ,” ಇನಾಸ ಅವಸರದಲ್ಲಿ ಅಂದ. “ಮೊಣಕಾಲಿಗೆ ಬಡದ್ರ ಸ್ವರ ಬರತದ.”

“ಆ ಕಡ್ಡಿ ಅವರ ಕೋಟಿನ ಕಿಸೇದಾಗ ಇತ್ತು. ಈಗ ಫೌಜದಾರನ ಮೇಜಿನ ಮ್ಯಾಲ ಅದ. ಅವರು ಅಟ್ಟದ ಮ್ಯಾಲ, ನೀವು ಬಲಿಪೀಠದ ಕಡೆ. ಆ ಕಡ್ಡಿ ಸದ್ದು ಬಾಜೂ ಮನಷ್ಯಾಗ ಕೇಳಿದ್ರ ಹೆಚ್ಚು. ನಿಮ್ಮ ನಾಲ್ಕು ಮಂದಿ ಕಿವಿಗೆ ಇಲ್ಲೀ ತನಕಾ ಬಂತೇನು?”

ಇನಾಸ ತಲೆ ತಗ್ಗಿಸಿದ. ಹೋದ ಭಾನುವಾರ ಅದೇ ಕಡ್ಡಿಯಿಂದ ಹಾಡು ಎತ್ತಲು ಹೋಗಿ ಕೆಟ್ಟಿತ್ತಂತೆ. ಬ್ಯಾಂಡಿನವರ ಹೆಂಡಿರು ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಕಿಸಕ್ಕನೆ ನಕ್ಕರಂತೆ. ಇಷ್ಟನ್ನು ಅವನು ಗೊಣಗಿದ. ಬಾಸ್ತ್ಯಾಂವ ಕಣ್ಣು ಕೆಕ್ಕರಿಸಿದ ಕೂಡಲೇ ನಿಲ್ಲಿಸಿದ.

ಅಷ್ಟು ಸಾಕಾಗಿತ್ತು. ವಾದ್ಯ ಬೇಡವೆಂದು ಊರಿಗೆಲ್ಲ ಸಾರಿದ ಮನುಷ್ಯ. ಇನ್ನೊಮ್ಮೆ ನಗೆಪಾಟಲಾಗುವುದಕ್ಕೆ ಹೆದರಿ, ನಿಷೇಧದ ವಾರದಲ್ಲಿ, ಕತ್ತಲಲ್ಲಿ, ಕದ್ದು ಆರ್ಗನ್ನಿನಿಂದ ಒಂದು ಸ್ವರ ತೆಗೆಯಲು ಹೋದ. ಸಂಕಪ್ಪ ಹೇಳಿದ್ದು ಅಕ್ಷರಶಃ ನಿಜ.

ಈ ನಾಲ್ವರಿಗೂ ಅದು ಗೊತ್ತಿತ್ತು.

*

ಪಾದ್ರಿಗಳು ಉಡುಪು ಹಾಕಿಕೊಳ್ಳುವ ಕೋಣೆಗೆ ಬಾಸ್ತ್ಯಾಂವನನ್ನು ಒಬ್ಬನನ್ನೇ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ಮಾಸ್ತರರು ಸತ್ತಾರ್ರಿ,” ಅಂದ ಅವನು, ನಾನು ಕೇಳುವ ಮೊದಲೇ. “ಅವರ ಹೆಸರಾದ್ರೂ ಉಳೀಲಿ. ಜೀವಾ ತೇಯ್ದು ಆ ಹಾಡು ಎಬ್ಬಿಸಿದ್ರು. ಈಗ ಅವರು ಕದ್ದು ಆರ್ಗನ್ ಬಾರಿಸಿದ್ರು ಅಂತ ಗೊತ್ತಾದ್ರ ಬ್ಯಾಂಡಿನವರು ಈಸ್ಟರಿಗೇ ಡೋಲು ಹೊತಗೊಂಡು ಬರತಾರ. ಎಲ್ಲಾ ಮುಗೀತದ.”

“ಹೆಸರು ಉಳಸಾಕ ಇನ್ನೊಬ್ಬನ ಕುತ್ತಿಗಿ ಬೇಕೇನು?”

“ಅವಗ ಗಲ್ಲು ಆಗೂದಿಲ್ರಿ. ಸಾಕ್ಷಿ ಇಲ್ಲ.”

“ನೀನ ಸಾಕ್ಷಿ ಅಲ್ಲೇನೋ! ನಾಕು ಮಂದಿ ಶಿಲುಬಿ ಮುಟ್ಟಿ ಅವನ್ನ ಸುಳ್ಳುಗಾರ ಮಾಡೀರಿ. ಎರಡು ಕೂಸು ಅದಾವ ಅವಗ. ಹೊರಗ ಕೂತಾಳಲ್ಲ, ಆಕಿ ಮುಖಾ ನೋಡಿ ಬಂದಿ?”

“ನೋಡೀನಿ.”

“ನೋಡಿ?”

ಅವನು ಗೂಟಕ್ಕೆ ತೂಗುಹಾಕಿದ ಕಪ್ಪು ನಿಲುವಂಗಿಯ ಅಂಚನ್ನು ಬೆರಳಿನಿಂದ ತಿಕ್ಕತೊಡಗಿದ. ದರ್ಜಿಯ ಬೆರಳು; ಬಟ್ಟೆ ಕಂಡರೆ ಸುಮ್ಮನಿರುವುದಿಲ್ಲ. ಆ ಬೆರಳು ಅಂಚಿನ ಹೊಲಿಗೆಯನ್ನೇ ಬಿಚ್ಚುತ್ತಿತ್ತು.

ನನಗೆ ಅನುಮಾನ ಬಂದದ್ದು ಆಗ. ಸತ್ತವನ ಹೆಸರು ಉಳಿಸುವುದಕ್ಕಷ್ಟೇ ಯಾರೂ ಹೀಗೆ ಹೆದರುವುದಿಲ್ಲ.

“ಮಣಿ ಮುಂದಕ ಎಳಕೊಂಡು ಕೂತವರ್ಯಾರು?”

“ಯಾವ ಮಣಿ?”

“ಮ್ಯಾಲ. ಆರ್ಗನ್ನಿನ ಮುಂದ. ಮಾಸ್ತರರು ಕೂಡೂ ಜಾಗಾ ಅಲ್ಲದು. ಗಿಡ್ಡ ಮಂದಿ ಕೂಡೂ ಜಾಗಾ. ಸಂಕಪ್ಪ ಹಿಂದಿದ್ದ. ಮಾಸ್ತರರು ಕೆಳಗ ಬಿದ್ರು. ಹಂಗಾದ್ರ ಮೂರನೇದವರ್ಯಾರು?”

ಅವನು ನಿಲುವಂಗಿ ಬಿಟ್ಟ.

“ಬಾಸ್ತ್ಯಾಂವ, ಸ್ವರ ಬಂತೋ ಇಲ್ಲೋ?”

“ಬಂತು.”

“ಆ ಮಣಿ ಮ್ಯಾಲ ಕೂತು ಸ್ವರ ಕೊಟ್ಟವರು ಮಾಸ್ತರರಲ್ಲ. ಹಂಗಾದ್ರ ಅವರು ಬೆಂಚು ಗುದ್ದೂವಾಗ ಬಿದ್ದಿಲ್ಲ, ಅದಕ್ಕೂ ಮೊದಲ ಬಿದ್ದಾರ. ಹೌದಲ್ಲೋ?”

ಅವನು ಗೋಡೆಗೆ ಬೆನ್ನು ಕೊಟ್ಟು ಹಾಗೇ ಕುಸಿದು ಕೂತ.

“ದೀಪಾ ಹಿಂದ ಒಯ್ದ್ರು. ಕತ್ತಲಾತು. ಸ್ವರಕ ಕಾಯಕೊಂತ ನಿಂತಿದ್ವಿ. ಹಿಂದ ಧಪ್ ಅಂತು. ಯಾರೋ ಹುಡುಗ್ರು ಲಗೂನ ಬೆಂಚು ಗುದ್ದಿದ್ರು ಅಂತ ತಿಳಕೊಂಡೆ. ಜನಾನೂ ಹಂಗ ತಿಳಕೊಂಡ್ರು.”

“ಆಮ್ಯಾಲ?”

“ಏನೂ ಇಲ್ಲ. ಒಂದು ಜಪಾ ಹೇಳೂವಷ್ಟು ಹೊತ್ತು ಏನೂ ಇಲ್ಲ. ಆಮ್ಯಾಲ ಸ್ವರ ಬಂತು, ಮೆಲ್ಲಕ. ಜನಾ ನಾವ ಗುನಗಾಕ ಹತ್ತೀವಿ ಅಂತ ತಿಳಕೊಂಡ್ರು.”

ಮಾಸ್ತರರು ಸತ್ತು ಬಿದ್ದ ಮೇಲೆ ಸ್ವರ ಬಂದಿತ್ತು. ಕಲ್ಲಿನ ಮೇಲೆ ಹೆಣ. ಈ ನಾಲ್ವರೂ ಅವರು ಕಲಿಸಿದ ಹಾಡನ್ನು ಮೊದಲಿನಿಂದ ಕೊನೆಯವರೆಗೂ ಹಾಡಿದ್ದರು.

“ಚಲೋ ಹಾಡಿದ್ರೇನು?” ಅಂತ ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ಅಷ್ಟು ಚಲೋ ಎಂದೂ ಹಾಡಿರಲಿಲ್ಲ.” ಅವನು ಅಳುತ್ತಿದ್ದ. “ಮಾಸ್ತರರು ಒಂದೇ ಪಟ್ಟಿ ಒತ್ತತೀನಿ ಅಂದಿದ್ರು. ಉಳದದ್ದು ನೀವ ಹಿಡೀರಿ ಅಂದಿದ್ರು. ಬಂದಿದ್ದು ಒಂದಲ್ಲರಿ, ನಾಕು. ದಪ್ಪಂದು ಮೊದಲ, ಸಣ್ಣಂದು ಕಡೀಕ. ನಾಕೂ ಮಂದೀಗೆ ಅವರವರದು, ಕೈಗೆ ಕೈ ಕೊಟ್ಟಂಗ. ಹಂಗ ಕೊಡೂ ರೂಢಿ ಒಬ್ಬರಿಗೇ ಇರೂದು. ಮನ್ಯಾಗ ಕಲಸೂ ಮುಂದ ನಮಗ ದಿನಾ ಹಂಗ ಕೊಡತಿದ್ಲು.”

“ಯಾರು?”

“ನನ್ನ ಹೆಂಡತಿ. ಎಸ್ಪೆರಾನ್ಸಾ.”

ಆ ಹೆಸರು ಕ್ಯಾಂಪಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಒಂದು ಕಾಲಕ್ಕೆ ಅವಳ ಹಾಡು ಕೇಳಲು ಗೋರಾ ಸಾಹೇಬರು ಸಹ ಬಂದು ಹಿಂದೆ ನಿಲ್ಲುತ್ತಿದ್ದರು.

“ಈ ಹಳೇ ಹಾಡು ಮೊದಲ ಹಾಡಿದಾಕಿ ಆಕಿ,” ಅಂದ ಬಾಸ್ತ್ಯಾಂವ. “ಮಾಸ್ತರರು ತಂದಿದ್ದು ಬರೇ ಮುದುಕರ ಹರಕು ಮುರುಕು. ಆಕಿ ಒಂದೊಂದು ದನೀನೂ ತಾನ ಹಾಡಿ ನೋಡಿದ್ಲು. ಎಲ್ಲಿ ಕೂಡತದ, ಎಲ್ಲಿ ಕೂಡೂದಿಲ್ಲ, ಆಕೀನ ಹೇಳಿದ್ಲು. ನಾಕು ವರ್ಷ. ಆಮ್ಯಾಲ ಮಾಸ್ತರರು, ಹಳೇದು ಅಂದ್ರ ಪೂರಾ ಹಳೇದು ಅಂದ್ರು. ಇಗರ್ಜಿ ಹಾಡುಗಾರರ ಸಾಲಿನ್ಯಾಗ ಹೆಂಗಸರು ನಿಂದ್ರಬಾರದು, ರೋಮಿನ ಅಪ್ಪಣಿ ಅದ ಅಂದ್ರು. ಅಪ್ಪಣಿ ಖರೇನ ಇತ್ತು. ಎಲ್ಲಾ ಪಾದ್ರಿಗಳೂ ಅದನ್ನ ಕಂಡೂ ಕಾಣದಂಗ ಇದ್ರು. ಮಾಸ್ತರರು ಬಿಡಲಿಲ್ಲ. ಜನರ ಮುಂದ ಆಕೀನ ಸಾಲಿನಿಂದ ಇಳಿ ಅಂದ್ರು.”

“ನೀ ಏನ ಮಾಡಿದಿ?”

“ಆಕಿ ಜಾಗಾದಾಗ ಇನಾಸನ್ನ ನಿಲ್ಲಿಸಿದೆ.”

ಅವನನ್ನು ಹೊಡೆಯಬೇಕು ಅನ್ನಿಸಿತು. ಅದರ ಬದಲು ಅಂಗಿಯ ಕಾಲರು ಹಿಡಿದು ಎಬ್ಬಿಸಿದೆ.

“ನಾಳೆ ಮ್ಯಾಜಿಸ್ಟ್ರೇಟರ ಮುಂದ ಇಷ್ಟೂ ಹೇಳತಿ.”

“ಇಲ್ಲ.”

“ಹೇಳತಿ!”

“ಕೊಂದು ಹಾಕ್ರಿ, ಹೇಳೂದಿಲ್ಲ.” ಅಳು ನಿಂತಿತ್ತು. “ಆಕೀಗೆ ಒಮ್ಮೆ ದ್ರೋಹ ಮಾಡೀನಿ. ಎರಡನೇ ಸರತೆ ಮಾಡೂದಿಲ್ಲ. ನೀವು ಕೇಳಿಲ್ಲ, ನಾ ಹೇಳಿಲ್ಲ. ನಾಕು ಮಂದಿ ಬೇಸೂರು ಹಾಡಿದ್ರು ಅಂತ ಕೋರ್ಟಿನ್ಯಾಗ ಹೇಳ್ರಿ, ನಗತಾರ.”

“ಎಲ್ಲಿದಾಳ ಆಕಿ?”

“ಬೆಂಚಿನ ಗದ್ದಲದಾಗ ಅಟ್ಟಾ ಇಳದು ಹೋಗಿರಬೇಕು. ಬುಧವಾರ ರಾತ್ರಿ ಮನೀಗೆ ಬರಲಿಲ್ಲ. ಗೋವಾಕ್ಕ ತವರಮನೀಗೆ ಹೋಗಿರಬೇಕು. ಪೋರ್ತುಗೀಜರ ರಾಜ್ಯ. ನಿಮ್ಮ ಫೌಜದಾರನ ಕೈ ಅಲ್ಲಿ ಮುಟ್ಟೂದಿಲ್ಲ.”

ಹೊರಗೆ ಮರದ ಚಿಟಿಕೆ ಟಕಟಕ ಬಡಿಯಿತು. ಗಂಟೆ ಬಾರಿಸದ ದಿನ ಅದರಿಂದಲೇ ಜನರನ್ನು ಪೂಜೆಗೆ ಕರೆಯುತ್ತಾರೆ. ಬಾಸ್ತ್ಯಾಂವ ನನ್ನ ಕೈ ಬಿಡಿಸಿಕೊಂಡ. ಕಾಲರು ನೆಟ್ಟಗೆ ಮಾಡಿಕೊಂಡ. ಮುಖ ಒರೆಸಿಕೊಂಡು ಹಾಡಲು ಹೋದ.

ನಾನು ಒಬ್ಬನೇ ನಿಂತೆ. ನಿಜ ಕೈಗೆ ಸಿಕ್ಕಿತ್ತು. ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ.

*

ಕಪ್ಪು ಬಟ್ಟೆಯ ಜನ ಸಾಲಾಗಿ ಒಳಗೆ ಬರುತ್ತಿದ್ದರು. ಅವರಿಗೆ ದಾರಿ ಬಿಟ್ಟು ಉಮಾವತಿ ಮೆಟ್ಟಿಲ ಅಂಚಿಗೆ ಸರಿದು ಕೂತಿದ್ದಳು. ಒಬ್ಬರೂ ಅವಳ ಕಡೆ ನೋಡಲಿಲ್ಲ. ಒಬ್ಬ ಹೆಂಗಸು ಸೆರಗು ತಾಗದ ಹಾಗೆ ಎತ್ತಿಕೊಂಡು ಹೋದಳು.

ನನ್ನನ್ನು ಕಂಡು ಎದ್ದಳು.

“ಎಂತ ಹೇಳಿದ್ರು ಅಣ್ಣ? ಬಿಡ್ತಾರಾ ಅವರನ್ನು?”

ಸಮಾಧಾನ ಹೇಳುವ ಕಲೆ ನನಗೆ ಬರುವುದಿಲ್ಲ.

“ನಿನ್ನ ಗಂಡ ಸುಳ್ಳ ಹೇಳಿಲ್ಲ, ತಂಗಿ. ಅವ ದಬ್ಬಿಲ್ಲ. ಅಟ್ಟದ ಮ್ಯಾಲ ಇನ್ನೊಬ್ಬರಿದ್ರು. ಅದು ಗೊತ್ತಿದ್ದವ ಒಬ್ಬನ ಇದ್ದಾನ. ಅವ ಸತ್ರೂ ಬಾಯಿ ಬಿಡೂದಿಲ್ಲ.”

“ಮತ್ತೆ ದಬ್ಬಿದ್ದು ಯಾರು?”

“ಗೊತ್ತಾಗಿ ಏನ ಮಾಡ್ತಿ? ಆಕಿ ಗೋವಾಕ್ಕ ಓಡಿ ಹೋಗ್ಯಾಳ.”

“ಆಕಿಯಾ?” ಅವಳು ನನ್ನ ತೋಳು ಹಿಡಿದಳು. “ಹೆಂಗಸಾ? ಯಾರು ಅಂತ ಹೇಳಿ ಮಾರಾಯ್ರೆ! ನನ್ನ ಗಂಡ ಅಲ್ಲಿ ಪೆಟ್ಟು ತಿಂತಾ ಇದ್ದಾರೆ, ನನಗೆ ಹೆಸರು ಕೂಡ ಬೇಡ್ವಾ?”

ಬೇಕು. ಅಷ್ಟು ಹಕ್ಕು ಅವಳಿಗಿತ್ತು.

“ಈ ದರ್ಜಿ ಬಾಸ್ತ್ಯಾಂವನ ಹೆಂಡತಿ. ಎಸ್ಪೆರಾನ್ಸಾ.”

ಉಮಾವತಿಯ ಕೈ ನನ್ನ ತೋಳಿನಿಂದ ಜಾರಿತು. ಒಳಗೆ ಹಾಡು ಶುರುವಾಯಿತು, ಒಂದೇ ಧ್ವನಿಯಲ್ಲಿ, ಸಪ್ಪಗೆ.

“ಅವರು ಗೋವಾಕ್ಕೆ ಹೋಗ್ಲಿಲ್ಲ ಅಣ್ಣ,” ಅಂದಳು. “ಬುಧವಾರ ರಾತ್ರಿ ನಮ್ಮ ಮನೆಗೆ ಬಂದರು. ನಿನ್ನ ಗಂಡ ಬರುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ ಅಂದರು. ಅಳ್ತಾರೆ, ಊಟ ಮಾಡುದಿಲ್ಲ. ನಿನ್ನೆ ನಾನು ಠಾಣೆಗೆ ಹೋಗುವಾಗ, ಮಕ್ಕಳನ್ನು ನೋಡ್ಕೊಳ್ತೇನೆ ಅಂದರು. ಇವತ್ತೂ ಅವರ ಹತ್ತಿರವೇ ಬಿಟ್ಟು ಬಂದದ್ದು.”

“ಮಕ್ಕಳನ್ನ?”

ಅಷ್ಟರಲ್ಲಿ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಪೂಜೆಗೆ ಬರುತ್ತಿದ್ದವರನ್ನು ತಳ್ಳಿಕೊಂಡು, ಗೇಟಿನ ಕಡೆ ಓಡತೊಡಗಿದ್ದಳು.